ಸಿವಿಟಿ ಕಾರಿಗೆ ಟರ್ಬೊ: ಬೆಲ್ಟ್ ತಾಳುವಷ್ಟೇ ಬಲ

ಸಿವಿಟಿ ಗೇರ್‌ಬಾಕ್ಸ್‌ನಲ್ಲಿ ಒಂದು, ಎರಡು, ಮೂರು ಎಂಬ ಗೇರುಗಳಿಲ್ಲ. ಇರುವುದು ಎರಡು ಪುಲ್ಲಿ, ಅವುಗಳನ್ನು ಸುತ್ತಿದ ಒಂದು ಉಕ್ಕಿನ ಬೆಲ್ಟ್. ಪ್ರತಿ ಪುಲ್ಲಿಯೂ ಎದುರುಬದುರಾಗಿ ನಿಂತ ಎರಡು ಶಂಕುಗಳ ಜೋಡಿ. ಶಂಕುಗಳು ಹತ್ತಿರ ಸರಿದರೆ ಬೆಲ್ಟ್ ಅಂಚಿಗೆ ಏರುತ್ತದೆ, ದೂರವಾದರೆ ಒಳಕ್ಕೆ ಇಳಿಯುತ್ತದೆ. ಒಂದರಲ್ಲಿ ಏರಿ ಇನ್ನೊಂದರಲ್ಲಿ ಇಳಿಯುತ್ತ ಹೋದಂತೆ ವೇಗದ ಅನುಪಾತ ಎಲ್ಲೂ ಜಗ್ಗದೆ ಬದಲಾಗುತ್ತದೆ. ನೆದರ್‌ಲ್ಯಾಂಡ್ಸ್‌ನ ಡಾಫ್ ಕಂಪನಿ 1958ರಲ್ಲಿ ರಬ್ಬರ್ ಬೆಲ್ಟ್ ಬಳಸಿ ಇಂಥ ಕಾರು ಹೊರತಂದಿತು; ಉಕ್ಕಿನ ಬೆಲ್ಟ್ ಬಂದದ್ದು ಆಮೇಲೆ. ಕರ್ನಾಟಕದವರಿಗೆ ಹೊಂಡಾ ಸಿಟಿ, ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯ ಕೊರೊಲ್ಲಾ ಆಲ್ಟಿಸ್ ಮೊದಲಾದ ಕಾರುಗಳಿಂದ ಸಿವಿಟಿ ಪರಿಚಿತ.

ಊರೊಳಗೆ ಇದರಷ್ಟು ಹಾಯಾದ ಗೇರ್‌ಬಾಕ್ಸ್ ಸಿಗುವುದು ಕಷ್ಟ. ದೂರು ಕೇಳಿಬರುವುದು ಹೊರದಾರಿಯಲ್ಲಿ. ರಾಯಚೂರಿನಿಂದಾಗಲಿ ಆ ಜಿಲ್ಲೆಯ ಗುಂಜಹಳ್ಳಿಯಿಂದಾಗಲಿ ಮಾನ್ವಿ, ದೇವದುರ್ಗದ ಕಡೆ ಹೊರಟವರು ಭತ್ತದ ಟ್ರ್ಯಾಕ್ಟರ್ ದಾಟಲು ಆಕ್ಸಿಲರೇಟರ್ ಒತ್ತಿದರೆ ಮೊದಲು ಎಂಜಿನ್ ಕೂಗುತ್ತದೆ, ಕಾರು ಆಮೇಲೆ ಓಡುತ್ತದೆ. ಹೊರಗಿನಿಂದ ಟರ್ಬೊ ಕೂರಿಸಿ ಪಿಕಪ್ ಹೆಚ್ಚಿಸುವ ಆಸೆ ಹುಟ್ಟುವುದು ಇಲ್ಲೇ.

ಎಂಜಿನ್‌ಗೆ ಹೆಚ್ಚು ಗಾಳಿ ತುಂಬಿದರೆ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಉರಿಸಬಹುದು, ಬಲ ಹೆಚ್ಚುತ್ತದೆ. ಸೂಪರ್‌ಚಾರ್ಜರ್ ಈ ಕೆಲಸಕ್ಕೆ ಎಂಜಿನ್ನಿನ ಬಲವನ್ನೇ ಸ್ವಲ್ಪ ಪಡೆಯುತ್ತದೆ. ಸ್ವಿಟ್ಜರ್‌ಲ್ಯಾಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಟರ್ಬೊ ಮಾದರಿ ಹಾಗಲ್ಲ. ಸೈಲೆನ್ಸರಿನತ್ತ ಹೋಗುವ ಬಿಸಿ ಹೊಗೆಯಿಂದಲೇ ಅದರ ಚಕ್ರ ತಿರುಗುತ್ತದೆ. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಉಗಿ ಟರ್ಬೈನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಟರ್ಬೊ ಚಕ್ರ ಲಕ್ಷ ಸುತ್ತನ್ನೂ ಮೀರುತ್ತದೆ.

ಟರ್ಬೊ ಮತ್ತು ಸಿವಿಟಿ ಹುಟ್ಟು ವೈರಿಗಳೇನಲ್ಲ. ಗೇರ್ ಬದಲಾದಾಗ ಎಂಜಿನ್ನಿನ ಸುತ್ತು ಕುಸಿಯುವ ತೊಂದರೆ ಸಿವಿಟಿಯಲ್ಲಿಲ್ಲ, ಹಾಗಾಗಿ ಟರ್ಬೊದ ಒತ್ತಡ ಒಂದೇ ಸಮ ನಿಲ್ಲುತ್ತದೆ. ತೊಡಕು ಇರುವುದು ಬೆಲ್ಟಿನಲ್ಲಿ. ಅದು ಬಲ ಸಾಗಿಸುವುದು ಹಲ್ಲಿನಿಂದಲ್ಲ, ಬರೀ ಹಿಡಿತದಿಂದ. ಶಂಕುಗಳು ಬೆಲ್ಟನ್ನು ಎಷ್ಟು ಬಿಗಿಯಾಗಿ ಅದುಮಬೇಕೆಂಬುದನ್ನು ಆಯಿಲ್ ಒತ್ತಡ ನಿರ್ಧರಿಸುತ್ತದೆ. ಆ ಒತ್ತಡವನ್ನು ಗೇರ್‌ಬಾಕ್ಸ್‌ನ ಕಂಪ್ಯೂಟರ್, ಎಂಜಿನ್ ಕಂಪ್ಯೂಟರ್ ಹೇಳುವ ಟಾರ್ಕ್ (ತಿರುಗಿಸುವ ಬಲ) ಲೆಕ್ಕದ ಮೇಲೆ ಹೊಂದಿಸುತ್ತದೆ. ಟರ್ಬೊ ಕೂರಿಸಿ ಈ ಲೆಕ್ಕ ತಿದ್ದದಿದ್ದರೆ, ಎಂಜಿನ್ 200 ನ್ಯೂಟನ್ ಮೀಟರ್ ಕೊಡುತ್ತಿರುವಾಗ ಬೆಲ್ಟಿನ ಹಿಡಿತ 145ಕ್ಕೆ ಸಾಲುವಷ್ಟೇ ಇರಬಹುದು. ಆಗ ಬೆಲ್ಟ್ ಜಾರುತ್ತದೆ. ಒಮ್ಮೆ ಜಾರಿದರೂ ಶಂಕುಗಳ ನುಣುಪು ಮೈಗೆ ಗೀರು ಬೀಳಬಹುದು. ಗೀರು ಬಿದ್ದ ಮೇಲೆ ಹಿಡಿತ ಇನ್ನಷ್ಟು ಸಡಿಲ, ಜೊತೆಗೆ ಉಕ್ಕಿನ ಪುಡಿ ಆಯಿಲ್ ಸೇರಿ ವಾಲ್ವ್‌ಗಳವರೆಗೂ ತಲುಪುತ್ತದೆ. ಕಾರು ನಿಂತಲ್ಲಿಂದ ಹೊರಡುವಾಗ ಎಂಜಿನ್ ಕಡೆಯ ಪುಲ್ಲಿಯಲ್ಲಿ ಬೆಲ್ಟ್ ತೀರ ಒಳಗೆ, ಸಣ್ಣ ಸುತ್ತಿನಲ್ಲಿ ಇರುವುದರಿಂದ ಅಪಾಯ ಹೆಚ್ಚು. ಟರ್ಬೊ ಇಲ್ಲದ ಎಂಜಿನ್ ಗರಿಷ್ಠ ಟಾರ್ಕ್ ಕೊಡಲು ಸಾಮಾನ್ಯವಾಗಿ ನಿಮಿಷಕ್ಕೆ 4,000 ಸುತ್ತು ದಾಟಬೇಕು. ಟರ್ಬೊ 2,000ದ ಆಸುಪಾಸಿನಲ್ಲೇ ಕೊಟ್ಟುಬಿಡುತ್ತದೆ.

ಬೆಲ್ಟ್ ಜಾರುವುದಕ್ಕೆ ಕಂಪನಿಗಳು ಎಷ್ಟು ಅಂಜುತ್ತವೆ ಎಂಬುದು ನಿಸಾನ್ ಮ್ಯಾಗ್ನೈಟ್ ನೋಡಿದರೆ ತಿಳಿಯುತ್ತದೆ. ಅದೇ 1 ಲೀಟರ್ ಟರ್ಬೊ ಎಂಜಿನ್ನಿಗೆ ಮ್ಯಾನುಯಲ್ ಗೇರ್ ಇದ್ದರೆ 160 ನ್ಯೂಟನ್ ಮೀಟರ್, ಸಿವಿಟಿ ಇದ್ದರೆ 152. ಐದನೆಯ ತಲೆಮಾರಿನ ಹೊಂಡಾ ಸಿಟಿ ಥಾಯ್ಲೆಂಡಿನಲ್ಲಿ 2019ರಲ್ಲಿ ಬಂದದ್ದು 1 ಲೀಟರ್ ಟರ್ಬೊ ಮತ್ತು ಸಿವಿಟಿಯೊಂದಿಗೆ, 173 ನ್ಯೂಟನ್ ಮೀಟರ್. ಭಾರತಕ್ಕೆ ಬಂದ ಪೆಟ್ರೋಲ್ ಕಾರಿನದು ಟರ್ಬೊ ಇಲ್ಲದ 1.5 ಲೀಟರ್, 145. ಹಾಗೆಂದು ಥಾಯ್ಲೆಂಡಿನ ಟರ್ಬೊ ತಂದು ಇಲ್ಲಿಯ ಎಂಜಿನ್ನಿಗೆ ಬಿಗಿದರೆ ಆಗದು. ಅಲ್ಲಿ ಪಿಸ್ಟನ್, ಗೇರ್‌ಬಾಕ್ಸ್, ಕಂಪ್ಯೂಟರ್ ಒಂದಕ್ಕೊಂದು ಹೊಂದುವಂತೆ ಜೊತೆಯಾಗಿ ತಯಾರಾಗಿವೆ.

ಬಿಸಿಲಿನ ಸೀಮೆಯಲ್ಲಿ ಇನ್ನೊಂದು ಹೊರೆ ಸೇರುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ರಾಯಚೂರಿನ ಬೇಸಿಗೆಯ 40 ಡಿಗ್ರಿ ಗಾಳಿಯನ್ನು ಒಂದೂವರೆ ಪಟ್ಟು ಒತ್ತಿದರೆ 90 ಡಿಗ್ರಿಯ ಸುತ್ತಮುತ್ತ ತಲುಪುತ್ತದೆ. ಮುಂದೆ ಕೂರಿಸುವ ಇಂಟರ್‌ಕೂಲರ್ ಅದನ್ನು ತಣಿಸಬಲ್ಲದು, ಆದರೆ ಹೊರಗಿನ 40 ಡಿಗ್ರಿಗಿಂತ ಕೆಳಗೆ ಇಳಿಸಲಾರದು. ಬಿಸಿ ಗಾಳಿ ತುಂಬಿದ ಸಿಲಿಂಡರಿನಲ್ಲಿ ಇಂಧನ ಹೊತ್ತಲ್ಲದ ಹೊತ್ತಿಗೆ ಸಿಡಿದು ನಾಕಿಂಗ್ ಆಗುತ್ತದೆ, ಪಿಸ್ಟನ್ ಒಡೆಯುವುದೂ ಉಂಟು. ಇಂಧನ ಉಳಿಸಲೆಂದು ಸಿವಿಟಿ ಎಂಜಿನ್ನನ್ನು ಕಡಿಮೆ ಸುತ್ತಿನಲ್ಲಿ ಇಡುತ್ತದೆ. ಆ ಸ್ಥಿತಿಯಲ್ಲಿ ಟರ್ಬೊ ಒತ್ತಡ ಏರಿದರೆ ನಾಕಿಂಗ್ ಸಂಭವ ಮತ್ತಷ್ಟು ಹೆಚ್ಚು. ಸಿವಿಟಿ ಆಯಿಲ್ಲಿಗೂ ಪ್ರತ್ಯೇಕ ಕೂಲರ್ ಬೇಕಾಗುತ್ತದೆ.

ಕಾನೂನೂ ಸಡಿಲವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕೆ ಬೇರೆಯಾಗುವಂತೆ ಮಾಲೀಕರು ವಾಹನ ಮಾರ್ಪಡಿಸುವಂತಿಲ್ಲ; ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು ಎನ್ನುತ್ತದೆ. ತಿಳಿಸದೆ ಮಾಡಿದ ಮಾರ್ಪಾಡಿನಿಂದ ವಿಮೆಯ ಕ್ಲೇಮ್ ತಿರಸ್ಕೃತವಾಗಬಹುದು.

ಪಿಕಪ್ ಬೇಕಾದವರಿಗೆ ಕಂಪನಿಯಿಂದಲೇ ಟರ್ಬೊ ಬಂದ ಕಾರು ನೇರ ದಾರಿ. ಸೆಕೆಂಡ್ ಹ್ಯಾಂಡ್ ಸಿವಿಟಿ ಕಾರು ಕೊಳ್ಳುವವರು ಗೇರ್‌ಬಾಕ್ಸ್‌ನ ಆಯಿಲ್ ಪ್ಯಾನ್ ಬಿಚ್ಚಿಸಿ ಒಳಗಿನ ಅಯಸ್ಕಾಂತ ನೋಡಬೇಕು. ಅದರ ಮೇಲೆ ತೆಳುವಾದ ಬೂದು ಕೆಸರು ಇರುವುದು ಸಹಜ. ಹೊಳೆಯುವ ಲೋಹದ ಚೂರು ಕಂಡರೆ ಬೆಲ್ಟ್ ಅಥವಾ ಪುಲ್ಲಿ ಸವೆದಿದೆ ಎಂದೇ ಅನುಮಾನಿಸಬೇಕು.