ಅಂಗೈಯಗಲ ಜಾಗದ ಸೋರಿಯಾಸಿಸ್

ಸೋರಿಯಾಸಿಸ್ ಎಷ್ಟು ಹರಡಿದೆ ಎಂದು ನೋಡಲು ಚರ್ಮರೋಗ ತಜ್ಞರು ರೋಗಿಯ ಅಂಗೈಯನ್ನೇ ಅಳತೆಗೆ ಹಿಡಿಯುತ್ತಾರೆ. ಬೆರಳುಗಳೂ ಸೇರಿ ಒಂದು ಅಂಗೈಯಗಲ ಎಂದರೆ ಮೈಚರ್ಮದ ಸುಮಾರು ಶೇ 1. ಈ ಲೆಕ್ಕದಲ್ಲಿ ಕೈಯ ಹತ್ತು ಉಗುರುಗಳೂ ಕೆಟ್ಟಿರುವವರ ಕಾಯಿಲೆ ಶೇ 1 ಕೂಡ ದಾಟುವುದಿಲ್ಲ. ಅವರಿಗೋ ಅಂಗಿಯ ಗುಂಡಿ ಹಾಕುವುದು, ಬಿದ್ದ ನಾಣ್ಯ ಹೆಕ್ಕುವುದು ಕೂಡ ಕಷ್ಟ.

ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ, ತಿಂಗಳು ಹಿಡಿಯಬೇಕಾದ ಚರ್ಮಕೋಶಗಳ ಬೆಳವಣಿಗೆ ಕೆಲವೇ ದಿನಗಳಲ್ಲಿ ಮುಗಿದುಬಿಡುವುದು ಈ ರೋಗದ ಮೂಲ. ಎಲ್ಲೇ ಬಂದರೂ ಅದು ಬದಲಾಗದು. ಬದಲಾಗುವುದು ಅದು ಕೂತ ಜಾಗ.

ಉಗುರನ್ನೇ ನೋಡಿ. ರೋಗ ಇರುವುದು ಉಗುರು ಹುಟ್ಟುವ ಬುಡದಲ್ಲಿ, ಅದರಡಿಯ ಹಾಸಿನಲ್ಲಿ. ಬುಡ ಕೆಟ್ಟರೆ ಉಗುರಿನ ಮೇಲೆ ಸೂಜಿಯಿಂದ ಚುಚ್ಚಿದಂಥ ಕುಳಿಗಳು. ಹಾಸು ಕೆಟ್ಟರೆ ಎಣ್ಣೆಹನಿ ಇಂಗಿದಂಥ ಹಳದಿಗಂದು ಕಲೆ. ಮೇಲೆ ಹಚ್ಚಿದ ಮುಲಾಮು ಆ ಗಟ್ಟಿ ಹೊದಿಕೆ ದಾಟಿ ಒಳಹೋಗುವುದು ತೀರಾ ಕಡಿಮೆ. ಹಾಗಾಗಿ ಕೆಲವೊಮ್ಮೆ ಉಗುರಿನ ಬುಡಕ್ಕೇ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಕೈಯುಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್. ಪೂರ್ತಿ ಹೊಸದಾಗಲು ಆರು ತಿಂಗಳು ಬೇಕು, ಕಾಲಿನದಕ್ಕೆ ವರ್ಷಕ್ಕೂ ಹೆಚ್ಚು. ಎರಡೇ ತಿಂಗಳಿಗೆ ಔಷಧ ಕೆಲಸ ಮಾಡಲಿಲ್ಲವೆಂದು ಬಿಟ್ಟವರು, ಅದು ಕೆಲಸ ಮಾಡುತ್ತಿದ್ದಾಗಲೇ ಬಿಟ್ಟಿರಬಹುದು. ಇನ್ನೊಂದು ಮಾತು: ಉಗುರಿನ ಬುಡಕ್ಕೂ ಬೆರಳಿನ ಕೊನೆಯ ಗಂಟಿನ ಸ್ನಾಯುರಜ್ಜುವಿಗೂ ನೇರ ನಂಟಿದೆ. ಉಗುರು ಕೆಟ್ಟವರಲ್ಲಿ ಸೋರಿಯಾಸಿಸ್ ಸಂಧಿವಾತ ಹೆಚ್ಚು. ಬೆಳಿಗ್ಗೆ ಏಳುವಾಗ ಬೆರಳು ಬಿಗಿಯುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು.

ತಲೆಯಲ್ಲಿ ಅಡ್ಡ ಬರುವುದು ಕೂದಲು ಮತ್ತು ದಪ್ಪ ಹೊಟ್ಟು. ಸ್ಯಾಲಿಸಿಲಿಕ್ ಆಮ್ಲದಿಂದ ಹೊಟ್ಟನ್ನು ಮೆತ್ತಗಾಗಿಸಿ, ಬೈತಲೆ ತೆಗೆಯುತ್ತಾ ಲೋಷನ್ ಅನ್ನು ಬುರುಡೆಯ ಚರ್ಮಕ್ಕೆ ಮುಟ್ಟಿಸಬೇಕು. ಬಾಚಣಿಗೆಯಿಂದ ಕೆರೆದು ಕಿತ್ತರೆ ಆ ಗಾಯದಲ್ಲೇ ರೋಗ ಮತ್ತೆ ಏಳುತ್ತದೆ. ಇದನ್ನು ಜರ್ಮನಿಯ ವೈದ್ಯ ಹೈನ್ರಿಶ್ ಕೋಬ್ನರ್ 19ನೇ ಶತಮಾನದಲ್ಲೇ ಗುರುತಿಸಿದ್ದರು.

ತೊಡೆಸಂದು, ಕಂಕುಳು, ಸ್ತನದ ಕೆಳಭಾಗ, ಜನನಾಂಗಗಳಲ್ಲಿ ಸಮಸ್ಯೆ ತಿರುವುಮುರುವು. ಚರ್ಮ ತೆಳು, ಮದ್ದು ಬೇಕಾದ್ದಕ್ಕಿಂತ ಹೆಚ್ಚೇ ಇಳಿಯುತ್ತದೆ. ಬೆವರಿನ ಪಸೆಗೆ ಹೊಟ್ಟು ನಿಲ್ಲದೆ ನುಣ್ಣನೆಯ ಕೆಂಪಷ್ಟೇ ಕಾಣುವುದರಿಂದ ಹುಳುಕಡ್ಡಿ ಎಂದುಕೊಂಡು ಮೆಡಿಕಲ್ ಶಾಪಿನಲ್ಲಿ ಟ್ಯೂಬು ಕೇಳುವವರೇ ಹೆಚ್ಚು. ಅಂಥ ಎಷ್ಟೋ ಟ್ಯೂಬುಗಳಲ್ಲಿ ಪ್ರಬಲ ಸ್ಟೀರಾಯ್ಡ್ ಇರುತ್ತದೆ. ನಾಲ್ಕು ದಿನ ಹಾಯೆನಿಸಿ, ಆಮೇಲೆ ಚರ್ಮ ಸವೆದು, ಮಾಯದ ಬಿರುಕುಗೆರೆಗಳು ಉಳಿಯುತ್ತವೆ. ಇಲ್ಲಿಗೆ ಹೊಂದುವುದು ಸೌಮ್ಯ ಸ್ಟೀರಾಯ್ಡ್, ಅದೂ ಕೆಲವೇ ದಿನ; ಇಲ್ಲವೇ ಟ್ಯಾಕ್ರೋಲಿಮಸ್ ಮುಲಾಮು. ನಾಚಿಕೆಯಿಂದ ಈ ಜಾಗ ತೋರಿಸದವರು ಬಹಳ. ವೈದ್ಯರೇ ಬಾಯಿಬಿಟ್ಟು ಕೇಳಬೇಕು.

ಕೊನೆಗೂ 2020ರಲ್ಲಿ ಅಂತರರಾಷ್ಟ್ರೀಯ ಸೋರಿಯಾಸಿಸ್ ಕೌನ್ಸಿಲ್ ಈ ಜಾಗಗಳಿಗೆ ನ್ಯಾಯ ಒದಗಿಸಿತು. ವಿಸ್ತಾರ ಎಷ್ಟೇ ಕಡಿಮೆಯಿರಲಿ, ರೋಗ ಇಂಥ ಕಡೆ ಇದ್ದರೆ ಮಾತ್ರೆ, ಇಂಜೆಕ್ಷನ್‌ಗಳಂಥ ಒಳಚಿಕಿತ್ಸೆಗೆ ರೋಗಿ ಅರ್ಹ ಎಂದಿತು. ನಮ್ಮಲ್ಲಿ ಹೆಚ್ಚಾಗಿ ಬರೆದುಕೊಡುವ ಅಗ್ಗದ ಮಾತ್ರೆ ಮೆಥೊಟ್ರೆಕ್ಸೇಟ್. ಗರ್ಭಿಣಿಯರಿಗೆ ಅದು ಸಲ್ಲದು. ಉಳಿದವರಿಗೂ ಆಗಾಗ ರಕ್ತಪರೀಕ್ಷೆ ಬೇಕು. ಅದನ್ನು ನುಂಗುವುದು ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಪ್ರಾಣಕ್ಕೇ ಕುತ್ತು. ಆ ದಿನದ ಹೆಸರನ್ನು ಚೀಟಿಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆಸಿಕೊಳ್ಳಿ.