ಫೀಸು ಮುಂದೆ, ಸಾಲ ಹಿಂದೆ

ಸಿಇಟಿ ಸೀಟು ಹಂಚಿಕೆ ಶುರುವಾಯಿತೆಂದರೆ ಬ್ಯಾಂಕ್ ಶಾಖೆಗಳಲ್ಲಿ ಹೊಸ ಮುಖಗಳು ಕಾಣತೊಡಗುತ್ತವೆ. ಪ್ಲಾಸ್ಟಿಕ್ ಫೈಲು ಹಿಡಿದ ಅಪ್ಪ, ಪಕ್ಕದಲ್ಲಿ ಆಗತಾನೆ ಪಿಯುಸಿ ಮುಗಿಸಿದ ಮಗಳು. ಫೈಲಿನಲ್ಲಿ ಸೀಟು ಹಂಚಿಕೆ ಪತ್ರ, ಕಾಲೇಜಿನ ಶುಲ್ಕದ ವಿವರ, ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಆಧಾರ್, ಪ್ಯಾನ್. ಎಲ್ಲದಕ್ಕೂ ಎರಡೆರಡು ಜೆರಾಕ್ಸ್. ಸಾಲ ಮಂಜೂರಾದರೆ ಕರಾರಿಗೆ ಇಬ್ಬರೂ ಸಹಿ ಹಾಕುತ್ತಾರೆ. ಮಗಳು ಸಾಲಗಾರ್ತಿ, ಅಪ್ಪ ಸಹ ಸಾಲಗಾರ. ಆ ಹುಡುಗಿಯ ಬದುಕಿನ ಮೊದಲ ದೊಡ್ಡ ಸಹಿ ಅದು.

ಕಾಲೇಜು ಫೀಸಿಗೂ ಬ್ಯಾಂಕಿನ ಬಾಗಿಲು ತಟ್ಟಬಹುದು ಎಂಬುದು ನಮ್ಮ ಊರುಗಳಲ್ಲಿ ಮಾಮೂಲಿ ಮಾತಾಗಿ ಇನ್ನೂ ಕಾಲು ಶತಮಾನವಷ್ಟೆ. ಅದಕ್ಕೆ ಮುಂಚೆ ಬಡವರ ಮಕ್ಕಳು ಓದಲಿಲ್ಲವೇ? ಓದಿದರು. ಅವರ ಖರ್ಚನ್ನು ಆಗ ಯಾರು ಹೊತ್ತಿದ್ದರು, ಅದು ಹದಿನೆಂಟರ ಮಕ್ಕಳ ಹೆಸರಿಗೆ ಬಂದದ್ದು ಹೇಗೆ ಎಂದು ಹುಡುಕುತ್ತಾ ಹೋದರೆ ಕರ್ನಾಟಕ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ.

ವಾರಾನ್ನದಿಂದ ವಿದ್ಯಾರ್ಥಿ ನಿಲಯಕ್ಕೆ

ನಮ್ಮ ಅಜ್ಜಂದಿರ ತಲೆಮಾರಿನ ಅನೇಕರು ಓದಿದ್ದು ವಾರಾನ್ನದ ಮೇಲೆ. ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ. ಆ ಊಟದ ಲೆಕ್ಕವನ್ನು ಯಾರೂ ಬರೆದಿಡುತ್ತಿರಲಿಲ್ಲ. ಆದರೆ ಆ ಮನೆಗಳ ಬಾಗಿಲು ಜಾತಿ ನೋಡಿಯೇ ತೆರೆಯುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ಬಾಗಿಲು ತೆರೆಯದೆ ಹೊರಗುಳಿದ ಒಂದೊಂದೇ ಸಮುದಾಯ ತನ್ನ ಮಕ್ಕಳಿಗೆ ವಿದ್ಯಾರ್ಥಿ ನಿಲಯ ಕಟ್ಟಿಕೊಂಡಿತು. ಸಿದ್ಧಗಂಗೆಯಂಥ ಮಠಗಳು ಸಾವಿರಾರು ಮಕ್ಕಳಿಗೆ ಅನ್ನ, ಆಸರೆ, ಅಕ್ಷರ ಕೊಟ್ಟವು. ಮೈಸೂರು ಸಂಸ್ಥಾನವೂ ಪ್ರತಿಭಾವಂತರ ಕೈ ಹಿಡಿಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಮನೆಪಾಠ ಹೇಳಿಕೊಂಡು ಓದಿದ ಎಂ. ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಲಿಯಲು ಪುಣೆಗೆ ಹೋದದ್ದು ಸಂಸ್ಥಾನದ ನೆರವಿನಿಂದ.

ಓದಿಗೆಂದೇ ಸಾಲ ಕೊಡುವ ಏರ್ಪಾಡು ಇದೇ ಕಾಲದ್ದು. ಜಮ್‌ಶೆಟ್‌ಜಿ ಟಾಟಾ 1892ರಲ್ಲಿ ಒಂದು ದತ್ತಿ ನಿಧಿ ಸ್ಥಾಪಿಸಿದರು. ಉನ್ನತ ವ್ಯಾಸಂಗಕ್ಕೆ ಹೊರದೇಶಕ್ಕೆ ಹೋಗುವ ಭಾರತೀಯರಿಗೆ ಅದು ಸಾಲದ ರೂಪದಲ್ಲಿ ವಿದ್ಯಾರ್ಥಿವೇತನ ಕೊಡುತ್ತಿತ್ತು. ಓದಿ ಬಂದವರು ಹಿಂತಿರುಗಿಸಿದ ಹಣ ಮುಂದಿನ ವಿದ್ಯಾರ್ಥಿಯ ಕೈಸೇರಬೇಕು ಎಂಬುದು ಅದರ ಆಶಯ. ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣ ಲಂಡನ್ನಿನಲ್ಲಿ ಪಿಎಚ್.ಡಿ. ಮಾಡಿದ್ದು ಈ ನಿಧಿಯ ಬೆಂಬಲದಿಂದ.

ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರವೂ ಇದೇ ದಾರಿ ಹಿಡಿಯಿತು. 1963ರಲ್ಲಿ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಯೋಜನೆ ಬಂತು. ಪ್ರತಿಭೆಯಿದ್ದೂ ಕೈಯಲ್ಲಿ ಕಾಸಿಲ್ಲದವರಿಗೆ ಬಡ್ಡಿಯಿಲ್ಲದ ಸಾಲ. ಓದು ಮುಗಿಸಿ ಶಿಕ್ಷಕರಾದವರಿಗೆ ಸೇವೆಯ ಒಂದೊಂದು ವರ್ಷಕ್ಕೂ ಸಾಲದ ಹತ್ತರಲ್ಲೊಂದು ಪಾಲು ಮನ್ನಾ. ಮೇಷ್ಟ್ರಾದವರ ಸಂಬಳ ಕಡಿಮೆ, ಅವರಿಂದ ಸಮಾಜಕ್ಕೆ ಸಿಗುವುದು ಹೆಚ್ಚು ಎಂಬ ತಿಳಿವಳಿಕೆ ಆ ನಿಯಮದಲ್ಲಿತ್ತು. ಯೋಜನೆ ಕುಂಟಿದ್ದು ವಸೂಲಿಯಲ್ಲಿ. ಓದು ಮುಗಿಸಿ ಊರೂರಿಗೆ ಚದುರಿದವರನ್ನು ಹುಡುಕಿ ಸಣ್ಣ ಸಣ್ಣ ಕಂತು ಕಟ್ಟಿಸಿಕೊಳ್ಳಲು ಸರ್ಕಾರಿ ಕಚೇರಿಗಳಿಂದ ಆಗಲಿಲ್ಲ. ಕೊಟ್ಟದ್ದು ಹಿಂದಿರುಗದೆ 1990ರ ದಶಕದ ಆರಂಭದಲ್ಲಿ ಯೋಜನೆಯೇ ನಿಂತುಹೋಯಿತು.

ಕರಾವಳಿಯ ಎರಡು ಬ್ಯಾಂಕುಗಳು, ಒಂದು ಕಾಲೇಜು

ಶಿಕ್ಷಣ ಮತ್ತು ಬ್ಯಾಂಕಿನ ನಂಟು ಕರಾವಳಿಗೆ ಹೊಸದಲ್ಲ. 1891ರಲ್ಲಿ ಮಂಗಳೂರಿನಲ್ಲಿ ಕೆನರಾ ಹೈಸ್ಕೂಲ್ ಕಟ್ಟಿದ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳೇ 1906ರಲ್ಲಿ ಒಂದು ನಿಧಿ ಆರಂಭಿಸಿದರು. ಅದು ಬೆಳೆದು ಕೆನರಾ ಬ್ಯಾಂಕ್ ಆಯಿತು. 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ ತಲೆಯೆತ್ತಿತು. ಸ್ಥಾಪಕರಲ್ಲಿ ಒಬ್ಬರು ವೈದ್ಯರಾದ ಟಿ.ಎಂ.ಎ. ಪೈ. 1928ರಲ್ಲಿ ಅವರ ಬ್ಯಾಂಕು ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಕೂಡಿಸತೊಡಗಿದರು.

ಅದೇ ಪೈಯವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ತೆರೆದರು. ವಿದ್ಯಾರ್ಥಿಗಳ ಹಣದಿಂದಲೇ ಖಾಸಗಿ ವೈದ್ಯಕೀಯ ಕಾಲೇಜೊಂದು ನಡೆಯಬಲ್ಲದು ಎಂದು ಅದು ತೋರಿಸಿಕೊಟ್ಟಿತು. ಸರ್ಕಾರದಿಂದ ಅಷ್ಟು ಕಾಲೇಜು ಕಟ್ಟಲಾಗದ ಕಾಲದಲ್ಲಿ ಅದು ದೊಡ್ಡ ಕೆಲಸವೇ. ಆದರೆ ಅದೇ ಮಾದರಿ ಮುಂದೆ ರಾಜ್ಯವಿಡೀ ಹಬ್ಬಿದಾಗ ಎಲ್ಲರ ಕೈಯಲ್ಲೂ ಅದೇ ಶ್ರದ್ಧೆ ಉಳಿಯಲಿಲ್ಲ. ಎಂಜಿನಿಯರಿಂಗ್, ವೈದ್ಯಕೀಯ ಸೀಟಿಗೆ ಡೊನೇಷನ್ ಕೊಡುವುದು ಮನೆಮಾತಾಯಿತು. ಹೊರರಾಜ್ಯಗಳ ವಿದ್ಯಾರ್ಥಿಗಳು ಹಣ ಹಿಡಿದು ಇಲ್ಲಿಗೆ ಬಂದರು. ಇಲ್ಲಿನ ಕುಟುಂಬಗಳು ಹೊಲ, ಒಡವೆ ಮಾರಿ ಸೀಟು ಕೊಂಡವು.

ಇಂಥ ಡೊನೇಷನ್ ತಡೆಯಲು 1984ರಲ್ಲಿ ರಾಜ್ಯ ಸರ್ಕಾರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದಿತು. 1989ರ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕ ನಿಗದಿ ಮಾಡಿತು. ಸರ್ಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಸೀಟುಗಳಲ್ಲಿ ಕರ್ನಾಟಕದವರಿಗೆ 25,000ದವರೆಗೆ, ಹೊರರಾಜ್ಯದವರಿಗೆ 60,000ದವರೆಗೆ. ಒಂದೇ ತರಗತಿ, ಅದೇ ಪಾಠ, ಮೂರು ದರ. ಮೀರತ್‌ನಿಂದ ತುಮಕೂರಿನ ಕಾಲೇಜಿಗೆ ಬಂದ ವಿದ್ಯಾರ್ಥಿನಿ ಮೋಹಿನಿ ಜೈನ್ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1992ರಲ್ಲಿ ಬಂದ ತೀರ್ಪು ಕ್ಯಾಪಿಟೇಷನ್ ಶುಲ್ಕವನ್ನು ಕಾನೂನುಬಾಹಿರ ಎಂದಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಅರ್ಧದಷ್ಟು ಸೀಟು ಫ್ರೀ, ಇನ್ನರ್ಧ ಪೇಮೆಂಟ್ ಎಂಬ ಸೂತ್ರ ಕೊಟ್ಟಿತು. 1994ರಲ್ಲಿ ಕರ್ನಾಟಕದ ಸಿಇಟಿ ವ್ಯವಸ್ಥೆ ಶುರುವಾಯಿತು. ‘ಮಗನಿಗೆ ಫ್ರೀ ಸೀಟಾ, ಪೇಮೆಂಟಾ?’ ಎಂದು ಬಸ್ಸಿನಲ್ಲಿ ಕೇಳುವುದು ಆಗಲೇ ಆರಂಭವಾದದ್ದು.

ಈ ಸೂತ್ರವೂ ಹೆಚ್ಚು ಕಾಲ ಬಾಳಲಿಲ್ಲ. 2002ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಅದನ್ನು ಬದಿಗಿಟ್ಟಿತು. ಲಾಭಕೋರತನ ಕೂಡದು, ಕ್ಯಾಪಿಟೇಷನ್ ಕೂಡದು. ಆದರೆ ಖಾಸಗಿ ಕಾಲೇಜು ತನ್ನ ಶುಲ್ಕವನ್ನು ತಾನೇ ಗೊತ್ತುಮಾಡಬಹುದು, ಬೆಳವಣಿಗೆಗೆ ಬೇಕಾದಷ್ಟು ಮಿಗಿಸಿಕೊಳ್ಳಬಹುದು ಎಂದಿತು. ಆ ಪ್ರಕರಣದ ಹೆಸರು ಟಿ.ಎಂ.ಎ. ಪೈ ಫೌಂಡೇಶನ್ ಮತ್ತು ಕರ್ನಾಟಕ ರಾಜ್ಯ.

ಬ್ಯಾಂಕಿನ ಕೌಂಟರಿಗೆ ಬಂದ ಫೀಸು

ಆ ತೀರ್ಪಿಗೂ ಮುಂಚೆ, ಶುಲ್ಕ ಏರತೊಡಗಿದಾಗಲೇ ಅದನ್ನು ಕಟ್ಟುವ ದಾರಿಯೂ ಬೇಕಾಯಿತು. ಭಾರತೀಯ ಬ್ಯಾಂಕುಗಳ ಸಂಘ ಒಂದು ಅಧ್ಯಯನ ತಂಡ ರಚಿಸಿತು. ಅದರ ಅಧ್ಯಕ್ಷರು ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಕೆನರಾ ಬ್ಯಾಂಕಿನ ಆಗಿನ ಮುಖ್ಯಸ್ಥ ಆರ್.ಜೆ. ಕಾಮತ್. ಅವರ ತಂಡ ರೂಪಿಸಿದ ಮಾದರಿ ಶಿಕ್ಷಣ ಸಾಲ ಯೋಜನೆಯನ್ನು ಅಳವಡಿಸಿಕೊಳ್ಳುವಂತೆ 2001ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ತಿಳಿಸಿತು. ಇಂದಿನ ಶಿಕ್ಷಣ ಸಾಲದ ಬೇರು ಅಲ್ಲಿದೆ. ಆಗ ದೇಶದೊಳಗಿನ ಓದಿಗೆ 7.5 ಲಕ್ಷ, ವಿದೇಶಕ್ಕೆ 15 ಲಕ್ಷದವರೆಗೆ ಸಾಲ ಸಿಗುತ್ತಿತ್ತು. 4 ಲಕ್ಷದವರೆಗೆ ಆಸ್ತಿ ಅಡವಿಡಬೇಕಿರಲಿಲ್ಲ, ಕೈಯಿಂದ ಪಾಲು ಹಾಕಬೇಕಿರಲಿಲ್ಲ. ಓದು ಮುಗಿದು ಒಂದು ವರ್ಷ, ಇಲ್ಲವೇ ಕೆಲಸ ಸಿಕ್ಕಿ ಆರು ತಿಂಗಳು, ಯಾವುದು ಮೊದಲೋ ಅಲ್ಲಿಂದ ಕಂತು ಶುರುವಾಗುತ್ತಿತ್ತು.

ಸೈಟಿಲ್ಲದ, ಜಮೀನಿಲ್ಲದ ಮನೆಯ ಹುಡುಗನೂ ತನ್ನ ಅಂಕಪಟ್ಟಿಯ ಬಲದ ಮೇಲೆ ಸಾಲ ಕೇಳಬಹುದಾದದ್ದು ಸಣ್ಣ ಬದಲಾವಣೆಯಲ್ಲ. ಊರಿನ ಬಡ್ಡಿ ಸಾಹುಕಾರನ ಮುಂದೆ ಕೈಕಟ್ಟಿ ನಿಲ್ಲುವುದು ತಪ್ಪಿತು. ಆ ನಾಲ್ಕು ಲಕ್ಷದಿಂದ ಮೊದಲ ಬಾರಿಗೆ ಎಂಜಿನಿಯರನ್ನೋ ನರ್ಸನ್ನೋ ಕಂಡ ಕುಟುಂಬಗಳು ನಮ್ಮ ಪ್ರತಿ ತಾಲ್ಲೂಕಿನಲ್ಲೂ ಇವೆ. ಇದನ್ನು ಮನಸಾರೆ ಒಪ್ಪಿಕೊಂಡೇ ಮುಂದಿನ ಲೆಕ್ಕ ನೋಡಬೇಕು.

ನಾಲ್ಕು ಲಕ್ಷ ಎಷ್ಟಾಗುತ್ತದೆ?

ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷದ ಎಂಜಿನಿಯರಿಂಗ್‌ಗೆ ನಾಲ್ಕು ಲಕ್ಷ ಸಾಲ, ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಓದುವ ನಾಲ್ಕು ವರ್ಷ, ಮೇಲೊಂದು ವರ್ಷ ಕಂತಿಲ್ಲ. ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ ಲಕ್ಷಕ್ಕೆ ಐದು ವರ್ಷದ ಸರಳ ಬಡ್ಡಿ 50,000, ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ಕೊನೆಯದಕ್ಕೆ 20,000. ಒಟ್ಟು 1.4 ಲಕ್ಷ. ಅಂದರೆ ಮೊದಲ ಕಂತಿನ ಹೊತ್ತಿಗೆ ನಾಲ್ಕು ಲಕ್ಷ 5.4 ಲಕ್ಷವಾಗಿರುತ್ತದೆ. ಹತ್ತು ವರ್ಷದ ಅವಧಿ ಆಯ್ದರೆ ತಿಂಗಳ ಕಂತು ಸುಮಾರು 7,136 ರೂಪಾಯಿ. ಮೊದಲ ಕಂತಿನಲ್ಲಿ 4,500 ಬಡ್ಡಿಗೇ ಹೋಗಿ ಅಸಲಿಗೆ 2,636 ಸಲ್ಲುತ್ತದೆ. ಹತ್ತು ವರ್ಷದ ಕೊನೆಗೆ ಕಟ್ಟಿದ್ದು ಒಟ್ಟು 8.56 ಲಕ್ಷ.

ಓದುವಾಗಲೇ ಬಡ್ಡಿಯನ್ನು ಆಗಾಗ ಕಟ್ಟಿಕೊಂಡು ಬಂದಿದ್ದರೆ ಕಂತು ಸುಮಾರು 5,286ಕ್ಕೆ ಇಳಿಯುತ್ತಿತ್ತು. ಬಡ್ಡಿ ಸೇರಿ ಒಟ್ಟು ಸುಮಾರು 7.74 ಲಕ್ಷ. ಅನೇಕ ಬ್ಯಾಂಕುಗಳು ಹೀಗೆ ಬಡ್ಡಿ ಕಟ್ಟುವವರಿಗೆ ದರದಲ್ಲಿ ರಿಯಾಯಿತಿಯನ್ನೂ ಕೊಡುತ್ತವೆ. ಈ ಲೆಕ್ಕ ಸಹಿ ಹಾಕುವ ದಿನವೇ ಕನ್ನಡದಲ್ಲಿ, ಒಂದೇ ಪುಟದಲ್ಲಿ ಹುಡುಗಿಯ ಕೈಗೆ ಸಿಗಬೇಕು. ಎಷ್ಟೋ ಮಂದಿಗೆ ಇದು ಗೊತ್ತಾಗುವುದು ಐದು ವರ್ಷದ ನಂತರ, ಮೊದಲ ಕಂತಿನ ಎಸ್ಸೆಮ್ಮೆಸ್ ಬಂದಾಗ.

ಆ ಹೊತ್ತಿಗೆ ಕೈಯಲ್ಲಿ ಡಿಗ್ರಿ ಇರುತ್ತದೆ, ಕೆಲಸ ಇರದಿರಬಹುದು. ಇದ್ದರೂ ಮೊದಲ ಸಂಬಳದಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ, ಊಟ ಕಳೆದು ಏಳು ಸಾವಿರ ಮಿಗಿಸುವುದು ಸುಲಭವಲ್ಲ. ಕಂತು ತೊಂಬತ್ತು ದಿನ ಬಾಕಿ ಉಳಿದರೆ ಆ ಸಾಲ ವಸೂಲಾಗದ ಸಾಲಗಳ (ಎನ್‌ಪಿಎ) ಪಟ್ಟಿಗೆ ಸೇರುತ್ತದೆ. ಸಾಲ ತೀರಿಸುವ ಶಿಸ್ತನ್ನು ಅಳೆಯುವ ಮಗಳ ಸಿಬಿಲ್ ಸ್ಕೋರಿನ ಜೊತೆ ಸಹ ಸಾಲಗಾರನಾದ ಅಪ್ಪನ ಸ್ಕೋರೂ ಕುಸಿಯುತ್ತದೆ. ಹೆಣ್ಣುಮಕ್ಕಳಿದ್ದಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ: ಮದುವೆಯಾಗಿ ಹೋದಮೇಲೆ ಈ ಸಾಲ ಯಾರದ್ದು? ಈ ಪ್ರಶ್ನೆಗೆ ಹೆದರಿಯೇ ಮಗಳ ಎಂಜಿನಿಯರಿಂಗ್ ಸೀಟು ಬಿಟ್ಟು ಊರ ಹತ್ತಿರದ ಬಿ.ಎ.ಗೆ ಸೇರಿಸುವವರಿದ್ದಾರೆ. ಅದೇ ಮನೆಯಲ್ಲಿ ಮಗನಿಗಾಗಿ ಸಾಲ ತೆಗೆಯಲು ಯಾರೂ ಹಿಂದೆಮುಂದೆ ನೋಡುವುದಿಲ್ಲ.

ಒಂದೊಂದಾಗಿ ಬಂದ ತೇಪೆಗಳು

ಸರ್ಕಾರಗಳು ಸುಮ್ಮನೆ ಕೂತಿಲ್ಲ. ವಾರ್ಷಿಕ ಆದಾಯ 4.5 ಲಕ್ಷದೊಳಗಿನ ಕುಟುಂಬಗಳ ಮಕ್ಕಳ ವೃತ್ತಿಪರ ಓದಿಗೆ ಕಂತಿಲ್ಲದ ಅವಧಿಯ ಬಡ್ಡಿಯನ್ನು ತಾನೇ ಭರಿಸುವ ಯೋಜನೆಯನ್ನು ಕೇಂದ್ರ 2009ರಲ್ಲಿ ತಂದಿತು. ಅದರ ನೋಡಲ್ ಬ್ಯಾಂಕ್ ಕೂಡ ಕೆನರಾ. 2015ರಲ್ಲಿ 7.5 ಲಕ್ಷದವರೆಗಿನ ಸಾಲಕ್ಕೆ ಸರ್ಕಾರವೇ ಖಾತರಿ ನಿಲ್ಲುವ ನಿಧಿ ಬಂತು, ಅದೇ ವರ್ಷ ವಿದ್ಯಾಲಕ್ಷ್ಮಿ ಪೋರ್ಟಲ್ ಶುರುವಾಯಿತು. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ದೇಶದ ಆಯ್ದ ಉನ್ನತ ಸಂಸ್ಥೆಗಳಿಗೆ (ಆರಂಭದ ಪಟ್ಟಿಯಲ್ಲಿ 860) ಸೇರಿದವರಿಗೆ ಅಡವು, ಜಾಮೀನು ಎರಡೂ ಇಲ್ಲದೆ ಸಾಲ ಕೊಡುತ್ತದೆ. ಕರ್ನಾಟಕದಲ್ಲಿ ಅಲ್ಪಸಂಖ್ಯಾತರ ನಿಗಮ ಮತ್ತು ದೇವರಾಜ ಅರಸು ನಿಗಮಗಳು ‘ಅರಿವು’ ಯೋಜನೆಯಲ್ಲಿ ಸಿಇಟಿ ಮೂಲಕ ಸೀಟು ಪಡೆದವರಿಗೆ ಶೇ 2ರ ದರದಲ್ಲಿ ಸಾಲ ಕೊಡುತ್ತಾ ಬಂದಿವೆ.

ಎಲ್ಲವೂ ಒಳ್ಳೆಯ ಹೆಜ್ಜೆಗಳೇ. ಆದರೂ ಈ ಚರಿತ್ರೆಯನ್ನು ಒಟ್ಟಾಗಿ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಪ್ರತಿ ಸಲವೂ ಫೀಸು ಮೊದಲು ಏರಿದೆ, ಸಾಲ ಅದನ್ನು ಹಿಂಬಾಲಿಸಿದೆ. ಕಾಲೇಜಿಗೆ ಅದರ ಹಣ ವರ್ಷದ ಆರಂಭದಲ್ಲೇ ಪೂರ್ತಿ ತಲುಪುತ್ತದೆ. ಸಾಲದ ಒಂದು ಪಾಲಿಗೆ ಬ್ಯಾಂಕಿಗೆ ಸರ್ಕಾರದ ಖಾತರಿ ಇದೆ. ಪಾಠ ಚೆನ್ನಾಗಿರದಿದ್ದರೆ, ಕ್ಯಾಂಪಸ್ಸಿಗೆ ಕಂಪನಿಗಳು ಬಾರದಿದ್ದರೆ ನಷ್ಟ ಹೊರುವವರು ವಿದ್ಯಾರ್ಥಿ ಮತ್ತು ಅವಳ ಮನೆಯವರು ಮಾತ್ರ. ಪಿಎಂ ವಿದ್ಯಾಲಕ್ಷ್ಮಿಯ ಪಟ್ಟಿಯಲ್ಲಿಲ್ಲದ ಕಾಲೇಜಿನಲ್ಲಿ ಓದುವವಳಿಗೆ ಈ ಅಪಾಯ ಇನ್ನೂ ಹೆಚ್ಚು, ನೆರವು ಇನ್ನೂ ಕಡಿಮೆ.

ಸರಿಪಡಿಸುವ ದಾರಿಗಳನ್ನು ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಆಸ್ಟ್ರೇಲಿಯ 1989ರಿಂದ ಆದಾಯಕ್ಕೆ ತಕ್ಕ ಮರುಪಾವತಿ ನಡೆಸಿಕೊಂಡು ಬಂದಿದೆ. ಸಂಬಳ ಒಂದು ಮಟ್ಟ ದಾಟಿದ ಮೇಲೆ ತೆರಿಗೆಯ ಜೊತೆ ಕಂತು ಹೋಗುತ್ತದೆ, ಸಂಬಳ ಇಲ್ಲದ ತಿಂಗಳು ಯಾರೂ ಪೀಡಿಸುವುದಿಲ್ಲ. 1963ರ ಯೋಜನೆ ಸೋತದ್ದು ವಸೂಲಿಯಲ್ಲಿ. ಪ್ಯಾನ್, ಆಧಾರ್ ಇರುವ ಇಂದು ಆ ಕಷ್ಟವಿಲ್ಲ. ಹಾಗಿದ್ದ ಮೇಲೆ ಅದರ ಒಳ್ಳೆಯ ನಿಯಮವನ್ನು ಮರಳಿ ತರಬಹುದು. ಸರ್ಕಾರಿ ಶಾಲೆಯಲ್ಲಿ ಪಾಠ ಹೇಳುವವರಿಗೆ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡಿಯುವ ನರ್ಸಿಗೆ, ವೈದ್ಯರಿಗೆ ಸೇವೆಯ ಪ್ರತಿ ವರ್ಷಕ್ಕೂ ಸಾಲದ ಒಂದು ಪಾಲು ಕಳೆಯಲಿ. ಕಾಲೇಜು ತನ್ನ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಸಾಲ ತೀರಿಸುತ್ತಿದ್ದಾರೆ ಎಂದು ಪ್ರತಿವರ್ಷ ಪ್ರಕಟಿಸಲಿ. ಆಗ ಸೀಟು ಆಯ್ಕೆಗೆ ಕೂತ ಮನೆಗಳು ಆ ಸಂಖ್ಯೆಯನ್ನೂ ನೋಡಿಯಾವು.

ಅಲ್ಲಿಯವರೆಗೆ ಸಾಲ ಪಡೆಯುವ ಪ್ರತಿ ಕುಟುಂಬವೂ ಬ್ಯಾಂಕಿನಲ್ಲಿ ಸಂಕೋಚವಿಲ್ಲದೆ ಕೇಳಬೇಕಾದ ಮಾತುಗಳಿವೆ. ಕಂತು ಶುರುವಾಗುವ ತಾರೀಖು ಯಾವುದು? ಆ ದಿನಕ್ಕೆ ಒಟ್ಟು ಬಾಕಿ ಎಷ್ಟಾಗಿರುತ್ತದೆ? ಬಡ್ಡಿ ಸಹಾಯಧನಕ್ಕೆ ನಮ್ಮ ಅರ್ಜಿ ಹೋಗಿದೆಯೇ? ಸಾಧ್ಯವಾದಷ್ಟು ಬಡ್ಡಿಯನ್ನು ಓದುವಾಗಲೇ ಕಟ್ಟಬೇಕು. ಕಂತು ತಪ್ಪುವ ಸೂಚನೆ ಕಂಡೊಡನೆ, ತಪ್ಪುವ ಮೊದಲೇ, ಮ್ಯಾನೇಜರರನ್ನು ಕಂಡು ಅವಧಿ ವಿಸ್ತರಣೆಗೆ ಲಿಖಿತ ಅರ್ಜಿ ಕೊಡಬೇಕು. ಇವು ಒಂದೊಂದು ಮನೆ ತನ್ನನ್ನು ಕಾಪಾಡಿಕೊಳ್ಳುವ ದಾರಿ. ವಾರಾನ್ನ ಇಕ್ಕಿದವರೂ, ವಿದ್ಯಾರ್ಥಿ ನಿಲಯ ಕಟ್ಟಿದವರೂ ಓದುವ ಮಗುವಿನ ಭಾರದಲ್ಲಿ ತಮ್ಮದೂ ಒಂದು ಪಾಲಿದೆ ಎಂದು ನಂಬಿದ್ದರು. ಆ ಪಾಲನ್ನು ಇಂದು ಹೊರಬೇಕಾದವರು ಫೀಸು ಗೊತ್ತುಮಾಡುವ ಕಾಲೇಜುಗಳು ಮತ್ತು ಅದಕ್ಕೆ ಒಪ್ಪಿಗೆ ಕೊಡುವ ಸರ್ಕಾರ.