ಏರಿಳಿತದ ಎಲ್ಲೆ

ನೂರಾರು ಸರಕುಗಳನ್ನು ಹತ್ತಾರು ಊರುಗಳಲ್ಲಿ ಮಾರುವ ಸಂಸ್ಥೆಯ ಲೆಕ್ಕವನ್ನು ಗಣಕಯಂತ್ರವು ಸರಕುಸರಕಿಗೂ ಊರೂರಿಗೂ ಒಂದೊಂದು ನಕ್ಷೆಯಾಗಿ ಬಿಡಿಸಿಕೊಟ್ಟಾಗ, ಸಾವಿರವನ್ನು ಮೀರುವ ಆ ರೇಖೆಗಳನ್ನೆಲ್ಲ ದಿನದಿನವೂ ಪರಾಂಬರಿಸುವುದು ಯಾರಿಂದಲೂ ಆಗದ ಕೆಲಸವಾದುದರಿಂದ, ತಮ್ಮ ಸರಾಸರಿಯಿಂದ ಶೇಕಡಾ 10ಕ್ಕಿಂತ ಹೆಚ್ಚಾಗಿ ಏರಿದ ಅಥವಾ ಇಳಿದ ನಕ್ಷೆಗಳನ್ನು ಮಾತ್ರ ಮುಂದಿಟ್ಟು ಮಿಕ್ಕವನ್ನು ಮರೆಮಾಡುವಂತೆ ಯಂತ್ರಕ್ಕೆ ವಿಧಿಸುವ ಪದ್ಧತಿಯುಂಟು. ಉಪಾಯವೇನೋ ಯುಕ್ತವಾದದ್ದೇ, ಆದರೆ ಎಲ್ಲ ನಕ್ಷೆಗಳಿಗೂ ಒಂದೇ ಎಲ್ಲೆಯನ್ನು ಗೊತ್ತುಮಾಡುವುದು ಅನ್ಯಾಯವೆಂದೇ ನನ್ನ ದೃಢವಾದ ಅಭಿಪ್ರಾಯ.

ಗಿರಾಕಿಗಳು ಒಬ್ಬರನ್ನೊಬ್ಬರು ಅನುಸರಿಸದೆ ತಮ್ಮ ಪಾಡಿಗೆ ತಾವು ಬಂದು ಕೊಳ್ಳುವೆಡೆಯಲ್ಲಿ, ಮಾರಾಟದ ಸಹಜವಾದ ಏರಿಳಿತವು ಅದರ ಸರಾಸರಿಯ ವರ್ಗಮೂಲದಷ್ಟಿರುತ್ತದೆ. ದಿನಕ್ಕೆ ಸರಾಸರಿ 4 ಹೊಲಿಗೆಯಂತ್ರಗಳು ಮಾರಾಟವಾಗುವಲ್ಲಿ ಈ ಓಲಾಟ 2ರಷ್ಟು, ಎಂದರೆ ಶೇಕಡಾ 50ರಷ್ಟು. 10,000 ಸಾಬೂನು ಮಾರಾಟವಾಗುವಲ್ಲಾದರೋ 100ರಷ್ಟು, ಎಂದರೆ ಶೇಕಡಾ 1ರಷ್ಟು ಮಾತ್ರ. ಹೀಗಿರಲು ಶೇಕಡಾ 10ರ ಎಲ್ಲೆಯು, ಏನೂ ನಡೆಯದಿದ್ದರೂ ಐದು ದಿನಗಳಲ್ಲಿ ನಾಲ್ಕು ದಿನ ಹೊಲಿಗೆಯಂತ್ರದ ನಕ್ಷೆಯನ್ನು ಎತ್ತಿ ತೋರಿಸಿ, ಸಾಬೂನಿನ ಮಾರಾಟ ಶೇಕಡಾ 6ರಷ್ಟು ಕುಸಿದ ದಿನ, ಆಕಸ್ಮಿಕವೆಂದು ಎಂದಿಗೂ ತಳ್ಳಿಹಾಕಲಾಗದ ಆ ಕುಸಿತವನ್ನೇ ಬಚ್ಚಿಡುವುದು.

ಈ ತೊಡಕಿಗೆ ಪರಿಹಾರವನ್ನು ಬಹು ಹಿಂದೆಯೇ ಕಂಡವರು ವಾಲ್ಟರ್ ಶೂಹಾರ್ಟ್. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿ ದೂರವಾಣಿ ಸಾಮಗ್ರಿಗಳ ಗುಣಪರೀಕ್ಷೆಯ ವಿಭಾಗದಲ್ಲಿದ್ದ ಈ ಭೌತವಿಜ್ಞಾನಿ, 1924ರ ಮೇ 16ರಂದು ತಮ್ಮ ಮೇಲಧಿಕಾರಿಗೆ ಬರೆದ ಪುಟ್ಟ ಟಿಪ್ಪಣಿಯಲ್ಲಿ ಬಿಡಿಸಿದ ಚಿತ್ರವೇ ಮುಂದೆ ನಿಯಂತ್ರಣ ನಕ್ಷೆಯೆಂದು ಪ್ರಸಿದ್ಧವಾಯಿತು. ಅದರಲ್ಲಿ ಎಲ್ಲೆಯು ಹೊರಗಿನಿಂದ ಹೇರಿದುದಲ್ಲ. ಆಯಾ ಲೆಕ್ಕದ ಗತಕಾಲದ ಏರಿಳಿತದಿಂದಲೇ ಮಾನಕ ವಿಚಲನೆಯನ್ನು, ಎಂದರೆ ಅಂಕಿಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಸರಿಯುವುವೆಂಬ ಅಳತೆಯನ್ನು, ಲೆಕ್ಕಹಾಕಿ, ಸರಾಸರಿಯ ಮೇಲೂ ಕೆಳಗೂ ಅದರ ಮೂರರಷ್ಟು ದೂರದಲ್ಲಿ ಗೆರೆಯೆಳೆಯುವುದು ಅದರ ಕ್ರಮ. ಸಂತೆಯ ದಿನ, ಹಬ್ಬದ ತಿಂಗಳು ಮೊದಲಾದ ನಿಯತ ಏರಿಳಿತಗಳನ್ನು ಮೊದಲೇ ಕಳೆದಿರಬೇಕೆಂಬುದನ್ನು ಹೇಳಬೇಕಾದುದೇ ಇಲ್ಲ. ಇಷ್ಟಾದರೂ, ಸಾಮಾನ್ಯ ವಿತರಣೆಯನ್ನನುಸರಿಸುವ ಸಾವಿರ ನಕ್ಷೆಗಳಲ್ಲಿ ಸುಮಾರು ಮೂರು ಕೇವಲ ಆಕಸ್ಮಿಕವಾಗಿ ಗೆರೆಯನ್ನು ದಾಟುವುವಾದ್ದರಿಂದ, ದಾಟಿದುದೆಲ್ಲವೂ ಅನರ್ಥಸೂಚಕವೆಂದು ಗಾಬರಿಗೊಳ್ಳಬೇಕಾದುದಿಲ್ಲ.

ನನಗೆ ಹೆಚ್ಚು ಕಳವಳವನ್ನುಂಟುಮಾಡುವುದು ಗೆರೆಯನ್ನು ದಾಟದೆಯೇ ಸಾಗುವ ಕೇಡು. ತಿಂಗಳಿಗೆ ಶೇಕಡಾ 2ರಂತೆ ಸವೆಯುವ ವ್ಯಾಪಾರವು ಹಿಂದಿನ ತಿಂಗಳೊಡನೆ ಮಾತ್ರ ಹೋಲಿಸುವ ಯಂತ್ರಕ್ಕೆ ಒಮ್ಮೆಯೂ ಸಿಕ್ಕದೆ, ವರ್ಷಾಂತ್ಯಕ್ಕೆ ಐದನೆಯ ಒಂದು ಪಾಲಿಗಿಂತಲೂ ಹೆಚ್ಚನ್ನು ಕಳೆದುಕೊಂಡಿರುತ್ತದೆ; ಆದಕಾರಣ ವರ್ಷದ ಹಿಂದಿನ ಅದೇ ತಿಂಗಳೊಡನೆಯೂ ಹೋಲಿಕೆ ನಡೆಯತಕ್ಕದ್ದು. ಹಾಗೆಯೇ, ಸದಾ ಏರಿಳಿಯುತ್ತಿದ್ದ ರೇಖೆ ಒಮ್ಮೆಲೇ ನೇರವಾಗಿ ಮಲಗಿದರೆ, ಆ ಅಂಗಡಿಯಿಂದ ಹೊಸ ಅಂಕಿಗಳು ಬರುವುದೇ ನಿಂತು ಹಳೆಯವೇ ಮರುಕಳಿಸುತ್ತಿರುವ ಸಂಭವವುಂಟಾದ್ದರಿಂದ, ಏರಿಳಿತಕ್ಕೆ ಗರಿಷ್ಠ ಮಿತಿಯಿರುವಂತೆ ಕನಿಷ್ಠ ಮಿತಿಯನ್ನೂ ವಿಧಿಸಿ ಅಂತಹ ನಕ್ಷೆಯನ್ನೂ ಹೊರತೆಗೆಯಬೇಕು.